ಮಾತಿಲ್ಲದ ಚಿತ್ರ ಯಾರ ಚಿತ್ರ?

(ಮೈಲಾಪೂರಿನಲ್ಲಿ ನಡೆದ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದಿನ ಈ ಮಾತಿಗೆ ಕಾರಣವಾದದ್ದು ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಎದ್ದ ಒಂದು ಜಗಳ. ಜಗಳ ಎಂಬ ಶಬ್ದಕ್ಕೆ ಕಾರ್ಯದರ್ಶಿಗಳು ಆಕ್ಷೇಪಿಸಬಹುದು. ನಡಾವಳಿಯಲ್ಲಿ ಅದು 'ಚರ್ಚೆ' ಎಂದೇ ದಾಖಲಾಗಿದೆ. ರಾಜ್ಯೋತ್ಸವದ ಅಂಗವಾಗಿ ಮಕ್ಕಳಿಗೆ 'ಪುಷ್ಪಕ ವಿಮಾನ' ಚಿತ್ರವನ್ನು ತೋರಿಸೋಣ ಎಂದು ನಾನು ಸೂಚಿಸಿದೆ. ನಮ್ಮ ಹಿರಿಯ ಸದಸ್ಯರೊಬ್ಬರು ಎದ್ದು, "ಒಂದೇ ಒಂದು ಕನ್ನಡ ಮಾತಿಲ್ಲದ ಚಿತ್ರವನ್ನು ಕನ್ನಡ ಹಬ್ಬದ ದಿನ ತೋರಿಸುವುದೆಂದರೆ, ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ನಾವೇ ಫಲಕ ಹಾಕಿದಂತಲ್ಲವೇ?" ಎಂದು ಕೇಳಿದರು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಡತಗಳ ನಡುವೆ ಬದುಕಿದವನು ನಾನು. ಉತ್ತರ ತೋಚದಿದ್ದಾಗ ಹಿಂದಿನ ಕಾಗದಪತ್ರಗಳನ್ನು ತರಿಸಿ ನೋಡುವುದು ನನಗೆ ರೂಢಿ. ಹಾಗೆ ನೋಡಿದ್ದರಲ್ಲಿ ಕೆಲವನ್ನು ತಮ್ಮ ಮುಂದಿಡುತ್ತೇನೆ.

ಮೊದಲು ನನ್ನದೇ ಒಂದು ಅಜ್ಞಾನದ ಪ್ರಸಂಗ. ಮೈಸೂರಿನಲ್ಲಿ ನಾನು ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ, ಗೆಳೆಯನೊಬ್ಬನ ಒತ್ತಾಯಕ್ಕೆ ಒಂದು ಸಂಜೆ ಜಿಗಾ ವೆರ್ಟೊವ್‌ನ 'ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ' ಎಂಬ 1929ರ ಸೋವಿಯತ್ ಮೂಕಚಿತ್ರವನ್ನು ನೋಡಲು ಹೋದೆ. ಕಥೆಯಿಲ್ಲ, ನಾಯಕನಿಲ್ಲ, ನಡುನಡುವೆ ಬರಹದ ಫಲಕಗಳೂ ಇಲ್ಲ. ಟ್ರಾಮು, ಯಂತ್ರ, ಹೆರಿಗೆ, ಶವಯಾತ್ರೆ, ಕ್ಯಾಮೆರಾ ಹೊತ್ತು ಓಡುವ ಒಬ್ಬ ಮನುಷ್ಯ. ಅರ್ಧದಲ್ಲೇ ನಿದ್ರಿಸಿದೆ. ಮರುದಿನ ಅದನ್ನು 'ಬುದ್ಧಿಜೀವಿಗಳ ಕಣ್ಕಟ್ಟು' ಎಂದು ಹಾಸ್ಯ ಮಾಡಿದ್ದೂ ನೆನಪಿದೆ. ಬಹಳ ವರ್ಷಗಳ ಮೇಲೆ ಆ ಕಾಲದ ರಷ್ಯಾದ ಬಗ್ಗೆ ಓದುವಾಗ ನನ್ನ ಹಾಸ್ಯ ನನಗೇ ನಾಚಿಕೆ ತಂದಿತು. ಹತ್ತಾರು ಭಾಷೆಗಳ, ಅಕ್ಷರ ಬಾರದ ಕೋಟ್ಯಂತರ ಜನರ ದೇಶವದು. ಅಲ್ಲಿ ಬರಹದ ಫಲಕ ಹಾಕಿದರೆ ಯಾವ ಭಾಷೆಯಲ್ಲಿ ಹಾಕಬೇಕು? ಓದುವವರು ಯಾರು? ಎಲ್ಲರ ಕಣ್ಣಿಗೂ ಸಮನಾಗಿ ತಿಳಿಯುವ ಒಂದು ಭಾಷೆಯನ್ನು ಚಿತ್ರದಿಂದಲೇ ಕಟ್ಟಬೇಕೆಂದು ವೆರ್ಟೊವ್ ಹೊರಟಿದ್ದ. ಚಿತ್ರದ ಆರಂಭದಲ್ಲೇ ಹಾಗೆಂದು ಘೋಷಿಸಿಯೂ ಇದ್ದ. ನಾನು ಆ ಘೋಷಣೆಯನ್ನು ಓದಿದ್ದೆ, ಅದರ ಹಿಂದಿನ ದೇಶವನ್ನು ಓದಿರಲಿಲ್ಲ.

ಪ್ರಯೋಗ ಎಂಬುದು ಒಂದು ನಿರ್ದಿಷ್ಟ ಅಡಚಣೆಗೆ ಒಂದು ನಿರ್ದಿಷ್ಟ ಕಾಲದಲ್ಲಿ ಕೊಟ್ಟ ಉತ್ತರ. ಅಡಚಣೆ ಏನೆಂದು ತಿಳಿಯದವನಿಗೆ ಉತ್ತರ ಹುಚ್ಚಾಟವಾಗಿ ಕಾಣುತ್ತದೆ. ಇದೇ ಮಾತನ್ನು ನಮ್ಮ ಮೂಕಚಿತ್ರಗಳಿಗೆ ಅನ್ವಯಿಸಿ ನೋಡೋಣ.

ಮೂಕಚಿತ್ರ ಎಂಬ ಹೆಸರೇ ದಾರಿ ತಪ್ಪಿಸುವಂಥದು. ಮೂಕವಾಗಿದ್ದದ್ದು ಪರದೆ ಮಾತ್ರ. ಡೇರೆಯ ಒಳಗೆ ಹಾರ್ಮೋನಿಯಂ, ತಬಲ, ಕಥೆಯನ್ನು ಕೂಗಿ ಹೇಳುವ ಒಬ್ಬ ವಾಚಾಳಿ, ಅವನಿಗೆ ಎದುರುತ್ತರ ಕೊಡುವ ನೆಲದ ಪ್ರೇಕ್ಷಕರು. ಈ ದಕ್ಷಿಣದಲ್ಲಿ ಊರೂರಿಗೆ ಚಿತ್ರ ಹೊತ್ತು ತಿರುಗಿದವರಲ್ಲಿ ಮೊದಲಿಗರಾದ ಸಾಮಿಕ್ಕಣ್ಣು ವಿನ್ಸೆಂಟ್ ತಿರುಚಿನಾಪಳ್ಳಿಯ ರೈಲ್ವೆ ಕಚೇರಿಯ ನೌಕರರಾಗಿದ್ದರು. 1905ರಲ್ಲಿ ಒಬ್ಬ ಫ್ರೆಂಚರವನಿಂದ ಯಂತ್ರ ಕೊಂಡು ಕಚೇರಿಗೆ ಬೆನ್ನು ಹಾಕಿದರು. (ನಮ್ಮಂಥವರಿಗೆ ಆ ಧೈರ್ಯ ಬರಲಿಲ್ಲ.) ಇದೇ ಮದರಾಸಿನ ನಟರಾಜ ಮೊದಲಿಯಾರರು ಮೋಟಾರು ಬಿಡಿಭಾಗಗಳ ವ್ಯಾಪಾರದಿಂದ ಚಿತ್ರಕ್ಕೆ ಇಳಿದು 'ಕೀಚಕ ವಧಂ' ತಯಾರಿಸಿದರು. ದಕ್ಷಿಣದ ಮೊದಲ ಕಥಾಚಿತ್ರ ಅದು. ಅದರ ಬಗ್ಗೆ ನನಗೆ ಬಹಳ ಪ್ರಿಯವಾದ ಒಂದು ಸಂಗತಿಯಿದೆ: ಚಿತ್ರೀಕರಣ ಮದರಾಸಿನಲ್ಲಿ, ಫಿಲ್ಮು ತೊಳೆಯುವುದು ಬೆಂಗಳೂರಿನಲ್ಲಿ. ಇಲ್ಲಿಯ ಸೆಕೆಗೆ ರಾಸಾಯನಿಕ ಸರಿಬರುತ್ತಿರಲಿಲ್ಲವಾಗಿ ಅಲ್ಲಿಯ ತಂಪಿಗೆ ಒಯ್ಯಬೇಕಾಗುತ್ತಿತ್ತು. ಅಂದರೆ ಈ ಎರಡು ಊರುಗಳ ನಡುವೆ ಚಿತ್ರದ ಡಬ್ಬಿಗಳು ರೈಲಿನಲ್ಲಿ ಓಡಾಡತೊಡಗಿದ್ದು, ಅವು 'ತಮಿಳು ಚಿತ್ರ', 'ಕನ್ನಡ ಚಿತ್ರ' ಎಂದು ಬೇರೆಯಾಗುವುದಕ್ಕೆ ಬಹಳ ಮೊದಲು.

ಈಗ ನಮ್ಮವರೇ ಸೇರಿ ಮಾಡಿದ ಒಂದು ಪ್ರಯೋಗಕ್ಕೆ ಬರುತ್ತೇನೆ. 1930-31ರಲ್ಲಿ ಮೋಹನ್ ಭವನಾನಿ ಎಂಬ ನಿರ್ದೇಶಕರು ಶೂದ್ರಕನ 'ಮೃಚ್ಛಕಟಿಕ'ವನ್ನು 'ವಸಂತಸೇನಾ' ಎಂಬ ಹೆಸರಿನಲ್ಲಿ ಚಿತ್ರವಾಗಿಸಿದರು. ಭವನಾನಿ ಸಿಂಧ್ ಮೂಲದವರು, ಜರ್ಮನಿಯಲ್ಲಿ ಚಿತ್ರವಿದ್ಯೆ ಕಲಿತವರು. ಮುಂದೆ ಸ್ವತಂತ್ರ ಭಾರತದ ಫಿಲ್ಮ್ಸ್ ಡಿವಿಜನ್‌ಗೆ ಮೊದಲ ಮುಖ್ಯಸ್ಥರಾದರು. ವಸಂತಸೇನೆಯಾಗಿ ಏಣಾಕ್ಷಿ ರಾಮರಾವ್. ಜೊತೆಗೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ಮತ್ತು ನಮ್ಮ ಟಿ. ಪಿ. ಕೈಲಾಸಂ. ಕನ್ನಡ ಚಿತ್ರಚರಿತ್ರೆಕಾರರು ಇದನ್ನು ನಮ್ಮ ಮೂಕಿಗಳ ಸಾಲಿನಲ್ಲಿ ಇಟ್ಟಿದ್ದಾರೆ.

ಈ ಪಾತ್ರವರ್ಗವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಕೈಲಾಸಂ ಎಂದರೆ ಮಾತು. ಮನೆಮಾತು ತಮಿಳಾಗಿದ್ದು, ಇಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿ, ಲಂಡನ್ನಿಗೆ ಹೋಗಿ ಬಂದು, ಬೆಂಗಳೂರಿನ ಮಧ್ಯಮವರ್ಗದ ಇಂಗ್ಲಿಷ್ ಬೆರೆತ ಆಡುಗನ್ನಡವನ್ನು ರಂಗಕ್ಕೆ ತಂದು, ಅದರ ಒಂದೊಂದು ತಿರುವಿನಲ್ಲೂ ನಗೆ ಚಿಮ್ಮಿಸಿದ ಮನುಷ್ಯ. ಅವರ ನಾಟಕದಿಂದ ಮಾತು ಕಳೆದರೆ ಉಳಿಯುವುದೇನು? ಅಂಥವರನ್ನು ಮಾತಿಲ್ಲದ ಪರದೆಯ ಮೇಲೆ ನಿಲ್ಲಿಸಿದ್ದರು. ಇನ್ನು ಮೂಲ ನಾಟಕವಾದರೂ ಎಂಥದು? ಸಂಸ್ಕೃತ ನಾಟಕಗಳಲ್ಲಿ ಪ್ರಾಕೃತಗಳ ವೈವಿಧ್ಯಕ್ಕೆ ಮೃಚ್ಛಕಟಿಕದಷ್ಟು ಹೆಸರಾದದ್ದು ಇನ್ನೊಂದಿಲ್ಲ. ಗಣಿಕೆಗೊಂದು ನುಡಿ, ಚಂಡಾಲರಿಗೊಂದು, ದೊರೆಯ ಭಾವಮೈದುನನಿಗೆ ಮತ್ತೊಂದು. ಆ ಭಾವಮೈದುನನಿಗೆ ಶಕಾರ ಎಂಬ ಹೆಸರು ಬಂದದ್ದೇ 'ಸ'ಕಾರವನ್ನೆಲ್ಲ 'ಶ'ಕಾರವಾಗಿ ಉಚ್ಚರಿಸುವ ಅವನ ನಾಲಗೆಯಿಂದ. ಇಷ್ಟೊಂದು ನುಡಿಗಳ ಸಂತೆಯಂತಿದ್ದ ನಾಟಕವನ್ನು ಆರಿಸಿಕೊಂಡು ಅದರ ಬಾಯನ್ನು ಮುಚ್ಚಿದ್ದರು. ನನ್ನ ಮಟ್ಟಿಗೆ, ಪ್ರಯೋಗವೆಂದರೆ ಅದೇ.

ಆದರೆ ಅದರ ಹಿಂದಿನ ಕಾಲವನ್ನು ಕೂಡಿಸಿ ನೋಡಿದಾಗ ಇನ್ನೊಂದು ಮುಖ ಕಾಣುತ್ತದೆ. 1927ರಲ್ಲಿ ಸರಕಾರ ಚಲನಚಿತ್ರ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಅಧ್ಯಕ್ಷರು ಮದರಾಸಿನ ವಕೀಲರಾದ ದಿವಾನ್ ಬಹಾದ್ದೂರ್ ಟಿ. ರಂಗಾಚಾರಿಯರು. 353 ಜನರ ಸಾಕ್ಷ್ಯ ಪಡೆದು 1928ರಲ್ಲಿ ವರದಿ ಒಪ್ಪಿಸಿದರು. ಸಾಕ್ಷ್ಯ ಸಂಪುಟಗಳನ್ನು ಓದಿದರೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದು: ಮರ್ಯಾದಸ್ಥ ಮನೆತನದ, ಓದಿದ ಹೆಣ್ಣುಮಕ್ಕಳು ಚಿತ್ರಗಳಲ್ಲಿ ಏಕೆ ಅಭಿನಯಿಸುವುದಿಲ್ಲ? ಅದೇ ವರ್ಷಗಳಲ್ಲಿ ಈ ಮದರಾಸಿನ ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯ ವಿರುದ್ಧ ಹೋರಾಟ ಹೂಡಿದ್ದರು. 1929ರಲ್ಲಿ ದೇವಸ್ಥಾನದ ಊಳಿಗದಿಂದ ಆ ಹೆಂಗಸರ ಜಮೀನುಗಳನ್ನು ಬಿಡಿಸುವ ತಿದ್ದುಪಡಿ ಬಂದಿತು. ಅರ್ಪಿಸುವ ಪದ್ಧತಿಯನ್ನೇ ನಿಷೇಧಿಸುವ ಶಾಸನಕ್ಕೆ 1947ರವರೆಗೆ ಕಾಯಬೇಕಾಯಿತು. ಇನ್ನೊಂದು ಕಡೆ ಇ. ಕೃಷ್ಣ ಅಯ್ಯರ್ ಮೊದಲಾದವರು ಪದ್ಧತಿ ಹೋದರೂ ಕಲೆ ಹೋಗಬಾರದೆಂದು ವಾದಿಸುತ್ತಿದ್ದರು; 1931ರಲ್ಲಿ ಮ್ಯೂಸಿಕ್ ಅಕಾಡೆಮಿ ತನ್ನ ವೇದಿಕೆಯಲ್ಲಿ ಕಲ್ಯಾಣಿ ಎಂಬ ದೇವದಾಸಿಯ ಹೆಣ್ಣುಮಕ್ಕಳ ನೃತ್ಯವನ್ನು ಏರ್ಪಡಿಸಿತು. ಗಣಿಕೆ ಎಂಬ ಹೆಣ್ಣನ್ನು ಏನೆಂದು ತಿಳಿಯಬೇಕು, ಕಲಾವಿದೆಯೆಂದೇ, ಬಲಿಪಶುವೆಂದೇ, ಕಳಂಕವೆಂದೇ? ಈ ಊರು ಆಗ ಇದನ್ನೇ ವಾದಿಸುತ್ತಿತ್ತು.

ಸರಿಯಾಗಿ ಆ ಹೊತ್ತಿನಲ್ಲಿ, ಗಣಿಕೆಯೊಬ್ಬಳನ್ನು ನಾಯಿಕೆಯಾಗಿ, ಧೀಮಂತಳಾಗಿ ಚಿತ್ರಿಸುವ ಒಂದು ಪ್ರಾಚೀನ ನಾಟಕವನ್ನು ಎತ್ತಿಕೊಂಡು, ಓದಿದ ಮನೆತನದ ಹೆಣ್ಣುಮಕ್ಕಳೇ ಅದರಲ್ಲಿ ಅಭಿನಯಿಸಿದರು. ಕಮಲಾದೇವಿಯವರನ್ನು ನೆನೆಯಿರಿ. ಬಾಲವಿಧವೆ, ಇಲ್ಲಿಂದ ನಡೆದುಹೋಗಬಹುದಾದಷ್ಟು ಹತ್ತಿರದ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿದವರು, ತಮ್ಮದೇ ಆಯ್ಕೆಯ ಅಂತರ್ಜಾತೀಯ ಮರುಮದುವೆ ಮಾಡಿಕೊಂಡವರು, 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅತ್ಯಲ್ಪ ಮತಗಳಿಂದ ಸೋತವರು, 1930ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. ಆ ಹೆಣ್ಣುಮಗಳು ಬಣ್ಣ ಹಚ್ಚಿಕೊಂಡು ಕ್ಯಾಮೆರಾದ ಮುಂದೆ ನಿಂತದ್ದು ಹವ್ಯಾಸಕ್ಕಲ್ಲ. ರಂಗಾಚಾರಿಯರ ಸಮಿತಿ ಕೇಳಿದ ಪ್ರಶ್ನೆಗೆ ಅದೊಂದು ಉತ್ತರವಾಗಿತ್ತು ಎಂದೇ ನಾನು ತಿಳಿಯುತ್ತೇನೆ. ನಾಟಕದ ಕೊನೆಗೆ ದುಷ್ಟ ದೊರೆಯನ್ನು ದನಗಾಹಿಯೊಬ್ಬ ಉರುಳಿಸುತ್ತಾನೆ ಎಂಬುದನ್ನೂ ಸೇರಿಸಿಕೊಳ್ಳಿ. ಶೂದ್ರಕನ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಲು ಯಾವ ಪೋಲೀಸು ಕಮಿಷನರಿಗೂ ಸಾಧ್ಯವಿರಲಿಲ್ಲ.

ಇನ್ನೂ ಒಂದು ಸಂಗತಿ. ಆಗ ಕರ್ನಾಟಕ ಎಂಬ ರಾಜ್ಯ ಇರಲಿಲ್ಲ. ಕಮಲಾದೇವಿಯವರ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು; ಕೈಲಾಸಂ ಅವರ ಬೆಂಗಳೂರು ಮೈಸೂರು ಸಂಸ್ಥಾನಕ್ಕೆ; ಧಾರವಾಡ ಮುಂಬಯಿಗೆ, ಗುಲ್ಬರ್ಗ ನಿಜಾಮರಿಗೆ. ಕನ್ನಡಿಗರೆಲ್ಲರೂ ಒಂದು ಲೆಕ್ಕದಲ್ಲಿ ಹೊರನಾಡ ಕನ್ನಡಿಗರೇ ಆಗಿದ್ದ ಕಾಲ. ಸಿಂಧಿನ ನಿರ್ದೇಶಕ, ಸಂಸ್ಕೃತ ನಾಟಕ, ತಮಿಳು ಮನೆಮಾತಿನ ಕನ್ನಡ ನಾಟಕಕಾರ, ಮಂಗಳೂರಿನ ಸತ್ಯಾಗ್ರಹಿ: ಇವರೆಲ್ಲ ಒಂದು ಚಿತ್ರದಲ್ಲಿ ಕೂಡಲು ಸಾಧ್ಯವಾದದ್ದು ಚಿತ್ರಕ್ಕೆ ಮಾತು ಬಂದಿರಲಿಲ್ಲವಾದ್ದರಿಂದ.

ಆ ಚಿತ್ರ ನಮಗೆ ಇಂದು ನೋಡಲು ಸಿಗುವುದಿಲ್ಲ. ಗುಬ್ಬಿ ವೀರಣ್ಣನವರು ಬೆಂಗಳೂರಿನಲ್ಲಿ ಕಂಪೆನಿ ಕಟ್ಟಿ ತಯಾರಿಸಿದ 'ಹರಿಮಾಯೆ' ಮುಂತಾದ ಮೂಕಿಗಳೂ ಸಿಗುವುದಿಲ್ಲ. ಮೊದಲಿಯಾರರ ಚಿತ್ರಗಳೂ ಇಲ್ಲ. ನೈಟ್ರೇಟ್ ಫಿಲ್ಮು ಬೆಂಕಿಗೆ ಮದ್ದಿನಂತೆ. ಉಳಿದದ್ದನ್ನು ಅದರಲ್ಲಿನ ಬೆಳ್ಳಿಗಾಗಿ ಕರಗಿಸಿದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರಲ್ಲಿ ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಮೂಕಚಿತ್ರಗಳಲ್ಲಿ ಬಹುಪಾಲು ಬೂದಿಯಾಗಿದ್ದವು. ಸರಕಾರಿ ನೌಕರನಾಗಿ ಹೇಳುತ್ತೇನೆ, ಕಡತ ಕಾಯುವುದರಲ್ಲಿ ನಮಗಿರುವ ಶ್ರದ್ಧೆಯ ಹತ್ತನೆಯ ಒಂದು ಪಾಲು ಚಿತ್ರಗಳ ಮೇಲೆ ಇದ್ದಿದ್ದರೆ ಇಷ್ಟು ನಷ್ಟವಾಗುತ್ತಿರಲಿಲ್ಲ. ಒಂದು ಸಣ್ಣ ಸಮಾಧಾನವೆಂದರೆ, ಏಣಾಕ್ಷಿಯವರು 1928ರಲ್ಲಿ ನಾಯಿಕೆಯಾಗಿ ಅಭಿನಯಿಸಿದ 'ಶಿರಾಜ್' ಉಳಿದಿದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2017ರಲ್ಲಿ ಅದನ್ನು ಶುದ್ಧಗೊಳಿಸಿ, ಅನುಷ್ಕಾ ಶಂಕರ್ ಅವರ ಹೊಸ ಸಂಗೀತದೊಂದಿಗೆ ತೋರಿಸಿತು. ವಸಂತಸೇನೆಯ ಮುಖ ಹೇಗಿತ್ತೆಂದು ತಿಳಿಯಲು ನಾವು ಮುಮ್ತಾಜ್ ಮಹಲಳ ಪಾತ್ರವನ್ನು ನೋಡಬೇಕಾಗಿದೆ.

1931ರಲ್ಲಿ ಟಾಕಿ ಬಂದಿತು. ಮಾತು ಬಂದೊಡನೆ ಪಾಲುಪಟ್ಟಿಯೂ ಬಂದಿತು. ಪ್ರತಿ ಭಾಷೆಗೊಂದು ಮಾರುಕಟ್ಟೆ. ಕನ್ನಡದ ಪಾಲಿಗೆ ಬಂದದ್ದು ಚಿಕ್ಕದು, ಅದೂ ಐದಾರು ಆಡಳಿತಗಳಲ್ಲಿ ಚದುರಿದ್ದು. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು, ಚಿತ್ರೀಕರಣ ಕೊಲ್ಲಾಪುರದಲ್ಲಿ. ಆಮೇಲೆ ದಶಕಗಳ ಕಾಲ ಕನ್ನಡ ಚಿತ್ರ ಬಹುಮಟ್ಟಿಗೆ ಈ ಮದರಾಸಿನ ಸ್ಟುಡಿಯೋಗಳ ಬಾಡಿಗೆದಾರನಾಗಿ ಬದುಕಿತು. ಆ ಕಥೆ ಇಲ್ಲಿಯ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೋಡಂಬಾಕ್ಕಂಗೆ ಊಟದ ಕ್ಯಾರಿಯರ್ ಕಳಿಸಿದವರೇ ಈ ಸಭೆಯಲ್ಲಿದ್ದಾರೆ. ಅದನ್ನು ಅವರಿಗೇ ಬಿಟ್ಟು ಮುಂದೆ ಹೋಗುತ್ತೇನೆ.

'ಪುಷ್ಪಕ ವಿಮಾನ' ತೆರೆಕಂಡದ್ದು 1987ರ ನವೆಂಬರಿನಲ್ಲಿ. ನಿರ್ಮಾಪಕರಲ್ಲಿ ಮುಖ್ಯರು ಕನ್ನಡದ ಶೃಂಗಾರ್ ನಾಗರಾಜ್, ಛಾಯಾಗ್ರಹಣ ಬಿ. ಸಿ. ಗೌರಿಶಂಕರ್. ಉಳಿದಂತೆ ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ತೆಲುಗರು, ನಾಯಕ ಕಮಲ್ ಹಾಸನ್, ಸಂಗೀತ ಎಲ್. ವೈದ್ಯನಾಥನ್, ಕಲಾನಿರ್ದೇಶನ ತೋಟ ತರಣಿ. ನಾಯಿಕೆ ಅಮಲಾ, ಅಡಯಾರಿನ ಆಚೆಯ ಕಲಾಕ್ಷೇತ್ರದಲ್ಲಿ ನೃತ್ಯ ಕಲಿತವರು. ಮತ್ತೆ ಅದೇ ವಸಂತಸೇನೆಯ ಬಗೆಯ ಕೂಟ! ಆದರೆ ಈ ಮೌನ ಆ ಮೌನವಲ್ಲ. ಅಂದು ಯಂತ್ರಕ್ಕೆ ಮಾತು ಬರುತ್ತಿರಲಿಲ್ಲ. ಇಂದು ಬರುವ ಮಾತನ್ನು ಬೇಕೆಂದೇ ಬಿಟ್ಟಿದ್ದರು. ಇದನ್ನು ಮೂಕಚಿತ್ರವೆನ್ನುವುದೂ ತಪ್ಪು. ನಲ್ಲಿ, ಬಾಗಿಲು, ರಸ್ತೆ, ಎಲ್ಲವೂ ಸದ್ದು ಮಾಡುತ್ತವೆ. ಮನುಷ್ಯರು ಮಾತ್ರ ಆಡುವುದಿಲ್ಲ.

ಏಕೆ ಆ ಹೊತ್ತಿನಲ್ಲಿ? ವ್ಯಾಪಾರದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತಿಲ್ಲದಿದ್ದರೆ ಡಬ್ಬಿಂಗ್ ಬೇಕಿಲ್ಲ. ಹೆಸರು ಬದಲಿಸಿದರೆ ಸಾಕು. ಹಿಂದಿಯಲ್ಲಿ 'ಪುಷ್ಪಕ್' ಆಯಿತು, ತೆಲುಗಿನಲ್ಲಿ 'ಪುಷ್ಪಕ ವಿಮಾನಮು'. ಇಲ್ಲಿ ತಮಿಳಿನಲ್ಲಿ 'ಪೇಸುಂ ಪಡಂ', ಅಂದರೆ ಮಾತಾಡುವ ಚಿತ್ರ! ಡಬ್ಬಿಂಗ್ ಚಿತ್ರಗಳಿಗೆ ಕನ್ನಡ ಚಿತ್ರರಂಗ ಬಾಗಿಲು ಮುಚ್ಚಿದ್ದ ಕಾಲವದು. ಐದು ವರ್ಷ ಮೊದಲು, 1982ರಲ್ಲಿ, ಗೋಕಾಕ್ ಚಳವಳಿಯಲ್ಲಿ ಡಾ. ರಾಜಕುಮಾರ್ ಬೀದಿಗಿಳಿದು ಊರೂರು ತಿರುಗಿದ್ದರು. ಭಾಷೆ ಯಾವುದು ಎಂಬ ಪ್ರಶ್ನೆ ಅಷ್ಟು ಕಾವೇರಿದ್ದ ಬೆಂಗಳೂರಿನಲ್ಲಿ, ಭಾಷೆಯೇ ಇಲ್ಲದ ಕನ್ನಡ ಚಿತ್ರ ತಯಾರಾಯಿತು ಎಂಬುದನ್ನು ಆಕಸ್ಮಿಕವೆಂದು ನಾನು ತಳ್ಳಿಹಾಕಲಾರೆ.

ಆದರೆ ಚಿತ್ರದ ಹೊಟ್ಟೆಯಲ್ಲಿರುವುದು ಇನ್ನೊಂದು ಸಂಕಟ. ನಾಯಕ ಓದಿದ ನಿರುದ್ಯೋಗಿ. ಬಚ್ಚಲಿಗೂ ಸರದಿ, ಸಂದರ್ಶನಕ್ಕೂ ಮುಗಿಯದ ಸರದಿ. ಕುಡಿದು ಬಿದ್ದ ಶ್ರೀಮಂತನೊಬ್ಬನನ್ನು ತನ್ನ ಮಾಳಿಗೆಯ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಹೆಸರಿನಲ್ಲಿ ಪಂಚತಾರಾ ಹೊಟೆಲು ಸೇರುತ್ತಾನೆ. ಅಲ್ಲಿಯ ಮೆತ್ತನೆಯ ಹಾಸಿಗೆಯಲ್ಲಿ ಅವನಿಗೆ ನಿದ್ರೆ ಬರುವುದಿಲ್ಲ. ಕೊನೆಗೆ ತನ್ನ ಹಳೆಯ ಕೋಣೆಯ ಪಕ್ಕದ ಚಿತ್ರಮಂದಿರದ ಗದ್ದಲವನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಬಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ಬಡವನಿಗೆ ಮೌನ ಎಂಬುದು ಪರಕೀಯ ವಸ್ತು, ಅದು ಹಣವಿದ್ದವರ ಸೊತ್ತು. 1987ರಲ್ಲಿ ನನಗೆ ಹತ್ತೊಂಬತ್ತು ವರ್ಷ. ಅರ್ಜಿ ತುಂಬುವ ವಯಸ್ಸು. ಮೈಸೂರಿನ ಚಿತ್ರಮಂದಿರದಲ್ಲಿ ಆ ಸರದಿಯನ್ನು ನೋಡಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಸರದಿಯಲ್ಲಿ ನಿಂತವನಿಗೆ ಆಡಲು ಮಾತಾದರೂ ಏನಿರುತ್ತದೆ ಎಂಬುದು ಮುಂದೆ ನಾನೇ ಅಂಥ ಸರದಿಗಳಲ್ಲಿ ನಿಂತಾಗ ತಿಳಿಯಿತು. ಆರ್ಥಿಕ ಉದಾರೀಕರಣಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ಇಂದಿನ ಹುಡುಗರಿಗೆ ಆ ಸರದಿಯ ಉದ್ದವೇ ಅತಿಶಯೋಕ್ತಿಯೆನಿಸೀತು. ಅತಿಶಯೋಕ್ತಿಯಲ್ಲ ಎಂದು ಅವರ ತಂದೆತಾಯಿಗಳು ಹೇಳಬೇಕು.

ಚಿತ್ರದ ಬಗ್ಗೆ ನನಗೆ ಆಕ್ಷೇಪಗಳೂ ಇವೆ. ಕಟ್ಟಿಹಾಕಿದವನ ಪ್ರಸಂಗದಲ್ಲಿ ನಗೆ ಕೆಲವೆಡೆ ಕೀಳಾಗುತ್ತದೆ. ನೋಟಿನ ಕಂತೆಯ ಮೇಲೆ ಕೂತ ಭಿಕ್ಷುಕ ಎಂಬ ಕಲ್ಪನೆ ಬಡತನದ ಬಗ್ಗೆ ಮಧ್ಯಮವರ್ಗದವರು ಹೇಳಿಕೊಳ್ಳುವ ಹಳೆಯ ಕಟ್ಟುಕಥೆ. ಆದರೂ ಅವನು ಸತ್ತಾಗ ಜನ ಹೆಣವನ್ನು ಬಿಟ್ಟು ನೋಟಿಗೆ ಮುಗಿಬೀಳುವ ದೃಶ್ಯಕ್ಕೆ ಮಾತು ಸೇರಿಸಿದ್ದರೆ ಕೆಡುತ್ತಿತ್ತು.

ಹಿರಿಯರ ಪ್ರಶ್ನೆಗೆ ಮರಳುತ್ತೇನೆ. ಅವರ ಆತಂಕ ನಿಜವಾದದ್ದು. ನಮ್ಮ ಭಾನುವಾರದ ಕನ್ನಡ ತರಗತಿಗೆ ಮಕ್ಕಳು ಬರುತ್ತಿಲ್ಲ; ತರಗತಿ ನಡೆಸುವ ಬದಲು ಮಾತಿಲ್ಲದ ಚಿತ್ರ ತೋರಿಸಿ ಕೈತೊಳೆದುಕೊಳ್ಳುವುದಾದರೆ ಅವರೊಂದಿಗೆ ನಾನೂ ವಿರೋಧಿಸುತ್ತೇನೆ. ಆದರೆ ಆ ಚಿತ್ರ ಕನ್ನಡದ್ದಲ್ಲ ಎಂಬುದನ್ನು ಒಪ್ಪಲಾರೆ. ಹಾಗೆನ್ನುವುದಾದರೆ ವಸಂತಸೇನೆಯನ್ನೂ ಬಿಡಬೇಕು, ಮನೆಯಲ್ಲಿ ತಮಿಳಾಡುತ್ತಿದ್ದ ಕೈಲಾಸಂ ಅವರನ್ನೂ ಬಿಡಬೇಕು. ಕೊನೆಗೆ ಮೈಲಾಪೂರಿನ ತರಕಾರಿ ಅಂಗಡಿಯಲ್ಲಿ ದಿನವೂ ತಮಿಳಾಡುವ ನಮ್ಮನ್ನೂ.

ಸಮಿತಿಯ ಜಗಳವಾದ ಮರುವಾರ, ಪರೀಕ್ಷೆಗೆಂದು, ನಮ್ಮ ಮನೆಯಲ್ಲೇ ಆ ಚಿತ್ರ ಹಾಕಿದೆವು. ಪಕ್ಕದ ಬೀದಿಯ ಒಂದು ಕನ್ನಡ ಮನೆಯಿಂದ ಎಂಬತ್ತು ದಾಟಿದ ಅಜ್ಜಿಯೂ ಅವರ ಹತ್ತು ವರ್ಷದ ಮೊಮ್ಮಗನೂ ಬಂದಿದ್ದರು. ಅಜ್ಜಿಗೆ ತಮಿಳು ತಿಳಿಯುತ್ತದೆ, ಆಡಲು ಬಾರದು. ಹುಡುಗನಿಗೆ ಕನ್ನಡ ತಿಳಿಯುತ್ತದೆ, ಆಡಲು ಸಂಕೋಚ. ಮನೆಯಲ್ಲಿ ಇಬ್ಬರೂ ಹೆಚ್ಚು ಮಾತಾಡುವುದಿಲ್ಲವೆಂದು ಹುಡುಗನ ತಾಯಿ ನನ್ನ ಹೆಂಡತಿಯೊಡನೆ ಹೇಳಿಕೊಂಡಿದ್ದರು. ಅಜ್ಜಿಯ ಕಣ್ಣು ಮಂಜು. ಪರದೆಯ ಮೇಲೆ ಯಾರೂ ಏನೂ ಹೇಳದಿದ್ದುದರಿಂದ ಅವರು ಮೊಮ್ಮಗನನ್ನೇ ಕೇಳಬೇಕಾಯಿತು. ಅರ್ಧ ಗಂಟೆಯಾಗುವಷ್ಟರಲ್ಲಿ ಇಬ್ಬರ ಮಾತು ನಿಲ್ಲಲೇ ಇಲ್ಲ. ಹಿಂದೆ ಕೂತಿದ್ದ ನಾವು ಸುಮ್ಮನಿರಿಸಲೂ ಹೋಗಲಿಲ್ಲ.

"ಅಲ್ಲ ಮಗಾ, ಆ ಕಟ್ಟಿಹಾಕಿದವನಿಗೆ ಊಟಗೀಟ ಏನಾದರೂ ಕೊಟ್ಟನೋ ಇಲ್ಲವೋ?"

"ಕುಡುತ್ತಾನ್ ಪಾಟ್ಟಿ."

"ಏನು ಕೊಟ್ಟ?"

ಹುಡುಗ ಸ್ವಲ್ಪ ತಡೆದು, "ಅನ್ನ" ಎಂದ.